ಪೆಟ್ರೋಲು ಅಣ್ಣನಿಗೆ, ಕರೆಂಟು ತಮ್ಮನಿಗೆ

ನಮ್ಮವರಿಗೆ ಕಾರ್ಬ್ಯುರೇಟರ್ ಬಿಟ್ಟರೆ ಬೇರೆ ಲೋಕವಿಲ್ಲ ಎಂದು ನಾನು ಬಂದವರ ಮುಂದೆಲ್ಲ ಹೇಳುತ್ತಿರುತ್ತೇನೆ. ಅವರಿಗೆ ಅದು ಬೈಗುಳ ಅನ್ನಿಸುವುದಿಲ್ಲ, ಹೊಗಳಿಕೆ ಅಂತಲೇ ತೆಗೆದುಕೊಳ್ಳುತ್ತಾರೆ. ಮದುವೆಯಾದ ಹೊಸದರಲ್ಲಿ ಅಡುಗೆಮನೆಯ ಚಹಾ ಸೋಸುವ ಜಾಲರಿ ಕಾಣೆಯಾಗಿತ್ತು. ಹುಡುಕಿದರೆ ಅದು ವರ್ಕ್‌ಶಾಪಿನಲ್ಲಿ ಪೆಟ್ರೋಲ್ ಸೋಸುತ್ತಾ ಕೂತಿತ್ತು. ಅವತ್ತು ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವುದು ಬೇಡ. ಮರುದಿನ ಎರಡು ಹೊಸ ಜಾಲರಿ ತಂದರು, ಒಂದು ನನಗೆ, ಒಂದು ತಮಗೆ. ನನ್ನದಕ್ಕಿಂತ ಅವರದೇ ಚೆನ್ನಾಗಿತ್ತು.

ಅವರ ಕೆಲಸವೇನಿದ್ದರೂ ಹಳೆಯ ಕಾರುಗಳದ್ದು. ಈಗಿನ ಕಾರು ಬಂದರೆ ಗೇಟಿನಲ್ಲೇ ಕೈಮುಗಿದು ಕಳಿಸಿಬಿಡುತ್ತಾರೆ. ಕೀಲಿ ತಿರುಗಿಸಿದರೆ ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗದ, ಆಗಿಬಿಟ್ಟರೂ ಕೆಮ್ಮಿ ಆರಿಹೋಗುವ ಮುದಿ ಗಾಡಿ ಬಂದರೆ ಮಾತ್ರ ಮುಖ ಅರಳುತ್ತದೆ. ಬಂದವನು ಬಾನೆಟ್ ಎತ್ತಲು ಹೋದರೆ ತಡೆಯುತ್ತಾರೆ. ಮೊದಲು ಪ್ರಶ್ನೆ. ಬೆಳಗ್ಗೆ ತಣ್ಣಗಿದ್ದಾಗ ತೊಂದರೆಯೋ, ಓಡಿ ಬಿಸಿಯಾದ ಮೇಲೆ ತೊಂದರೆಯೋ? ದಿನಾ ಹೀಗೆಯೋ, ವಾರಗಟ್ಟಲೆ ನಿಲ್ಲಿಸಿದ್ದಾಗ ಮಾತ್ರವೋ? ಮೂಗಿಗೆ ವಾಸನೆ ಹೊಡೆಯುತ್ತದೋ? ಉತ್ತರ ಕೇಳುವಾಗ ಕಾರನ್ನಲ್ಲ, ಆ ಮನುಷ್ಯನ ಬಲಗಾಲನ್ನು ನೋಡುತ್ತಿರುತ್ತಾರೆ. ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದು ತುಳಿದು ಎಂಜಿನ್ನಿಗೆ ಪೆಟ್ರೋಲ್ ಕುಡಿಸಿ ಮುಳುಗಿಸುವವರು ಮಾತಾಡುವಾಗಲೂ ಕಾಲು ಆಡಿಸುತ್ತಾರೆ ಎನ್ನುವುದು ಅವರ ಸಿದ್ಧಾಂತ. ಎಷ್ಟೋ ಸಲ ಅದು ನಿಜವಾದದ್ದನ್ನು ನಾನೇ ಕಂಡಿದ್ದೇನೆ.

ಆಮೇಲೆ ಗಾಳಿ ಸೋಸುವ ಡಬ್ಬದ ಮುಚ್ಚಳ ತೆಗೆದು ಕಾರ್ಬ್ಯುರೇಟರಿನ ಗಂಟಲಲ್ಲಿ ಇಣುಕುತ್ತಾರೆ. ಆಕ್ಸಿಲರೇಟರಿನ ಸನ್ನೆಕೋಲು ಎಳೆದಾಗ ಪೆಟ್ರೋಲ್ ಸಣ್ಣಗೆ ಚಿಮ್ಮಬೇಕು. ಬಳಿಕ ಸ್ಪಾರ್ಕ್ ಪ್ಲಗ್ ಬಿಚ್ಚಿ ಅದರ ತುದಿಗೆ ಬೆರಳು ತಾಗಿಸುತ್ತಾರೆ. ಒಣಗಿದ್ದರೆ ಪೆಟ್ರೋಲ್ ಒಳಗೆ ಬಂದೇ ಇಲ್ಲ ಎಂದರ್ಥ, ಅದು ಅವರದೇ ಕೆಲಸ. ಒದ್ದೆಯಾಗಿದ್ದರೆ ಪೆಟ್ರೋಲ್ ಬಂದಿದೆ, ಉರಿದಿಲ್ಲ. ಅಲ್ಲಿಂದ ಶುರು ನಮ್ಮ ಮನೆಯ ರಗಳೆ.

ಯಾಕೆಂದರೆ ನಮ್ಮಲ್ಲಿ ಕಾರು ಎರಡು ಪಾಲಾಗಿದೆ. ನನ್ನ ಮಾವ ಈ ವರ್ಕ್‌ಶಾಪ್ ಕಟ್ಟಿದವರು. ತಾವು ಹೋದ ಮೇಲೆ ಮಕ್ಕಳು ಕಾಲು ಕೆರೆದು ಜಗಳಕ್ಕೆ ನಿಲ್ಲಬಾರದೆಂದು ಬದುಕಿದ್ದಾಗಲೇ ಪಾಲು ಮಾಡಿದರು. ಉಳಿದವರೆಲ್ಲ ಜಾಗ ಹಂಚುತ್ತಾರೆ, ಇವರು ಕೆಲಸ ಹಂಚಿದರು. ಪೆಟ್ರೋಲು ದೊಡ್ಡವನಿಗೆ, ಕರೆಂಟು ಚಿಕ್ಕವನಿಗೆ. ಟ್ಯಾಂಕಿನಿಂದ ಹಿಡಿದು ಪೈಪು, ಪಂಪು, ಕಾರ್ಬ್ಯುರೇಟರ್‌ವರೆಗೆ ನಮ್ಮವರದ್ದು. ಬ್ಯಾಟರಿ, ತಂತಿ, ಸ್ಟಾರ್ಟರ್, ಕಿಡಿ ಹಾರಿಸುವುದೆಲ್ಲ ಮೈದುನನದ್ದು. ಪ್ಲಗ್ ಬಿಚ್ಚಿ ನೋಡುವ ಹಕ್ಕು ಇಬ್ಬರಿಗೂ ಉಂಟು. ಒಂದೇ ಅಂಗಳ, ಎದುರು ಬದುರು ಎರಡು ಶೆಡ್ಡು. ತಮ್ಮ ಸ್ವಂತದ ಕಡುಹಸಿರು ಕಾರನ್ನು ಮಾತ್ರ ಮಾವ ಮಗಳಿಗೆ ಕೊಟ್ಟರು. ಎಂಥ ಜಾಣ ಪಾಲು ಎಂದು ಕಂಡವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ.

ಮಾವ ಇರುವತನಕ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಅವರು ತೀರಿಕೊಂಡ ಮೇಲೆ ಒಮ್ಮೆ ಮೈದುನ ಹೆಂಡತಿಯ ತವರಿಗೆ ಹೋಗಿದ್ದಾಗ ಒಬ್ಬ ಗಿರಾಕಿ ಅವಸರದಲ್ಲಿ ಬಂದ. ಕೆಟ್ಟದ್ದು ಕಂಡೆನ್ಸರ್ ಎಂಬ ಹೆಬ್ಬೆರಳುದ್ದದ ಸಾಮಾನು, ಕರೆಂಟಿನ ಪಾಲಿನದ್ದು. ಕಾಯಿಸುವುದು ಬೇಡವೆಂದು ನಮ್ಮವರೇ ಬದಲಾಯಿಸಿ ಕಳಿಸಿದರು. ಮೈದುನ ಊರಿಂದ ಬಂದವನು ಚೀಲ ಕೆಳಗಿಡುವ ಮೊದಲೇ ಅಂಗಳದಲ್ಲಿ ನಿಂತು, "ನನ್ನ ಪಾಲಿಗೆ ಕೈ ಹಾಕಿದೆಯಾ?" ಎಂದು ಕೇಳಿದ. ನಮ್ಮವರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಇನ್ನು ಮೇಲೆ ತಂತಿ ಅಂತ ಕಂಡದ್ದನ್ನ ನಾನು ಮುಟ್ಟಿದ್ರೆ ಕೇಳು," ಅಂದರು. ಅದೇ ಕೊನೆ. ಆಮೇಲೆ ವರ್ಷಗಳು ಕಳೆದರೂ ಒಬ್ಬರ ಹತ್ತಿರ ಒಬ್ಬರು ಮಾತಾಡಲಿಲ್ಲ. ಏನಿದ್ದರೂ ನನ್ನ ಮೂಲಕ, ಇಲ್ಲವೇ ಮೈದುನನ ಹೆಂಡತಿಯ ಮೂಲಕ. ವಾರಗಿತ್ತಿಯರು ನಾವಿಬ್ಬರೂ ಚೆನ್ನಾಗಿದ್ದೆವು. ಅವಳು ಆ ಕಡೆಯಿಂದ ಒಂದು ಮಾತು ತರುತ್ತಿದ್ದಳು, ನಾನು ಅದಕ್ಕೆ ಸ್ವಲ್ಪ ಬೆಲ್ಲ ಸವರಿ ಇತ್ತ ದಾಟಿಸುತ್ತಿದ್ದೆ.

ಈ ಎರಡು ಶೆಡ್ಡುಗಳ ನಡುವೆ ಸಿಕ್ಕಿಬಿದ್ದವಳು ಇವರ ಅಕ್ಕ. ನನಗೆ ನಾದಿನಿಯಾದರೂ ಮನೆಯಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಮದುವೆ ಬೇಡವೆಂದು ತಾನೇ ಹೇಳಿ, ನಮ್ಮ ಮಹಡಿಯ ಮೇಲೆ ಒಂದು ಕೋಣೆ, ಒಂದು ಅಡುಗೆಮನೆ ಇಟ್ಟುಕೊಂಡು ಇದ್ದಾಳೆ. ಊರಾಚೆಯ ಆಸ್ಪತ್ರೆಯಲ್ಲಿ ನರ್ಸು, ಬೆಳಗಿನ ಪಾಳಿ. ಅಪ್ಪನ ಕಾರಿನಲ್ಲೇ ಹೋಗಿಬರುತ್ತಾಳೆ. ಸೀಟಿನ ಬೆನ್ನಿಗೆ ತಾನೇ ಹೊಲಿದ ದಿಂಬು, ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಒಂದು ಜೊತೆ ಒಣ ಕಾಲುಚೀಲ. ರೋಗಿಗಳು ಅವಳ ಮಾತಿಗೆ ನಡುಗುತ್ತಾರಂತೆ, ಅವಳೇ ಹೆಮ್ಮೆಯಿಂದ ಹೇಳುವುದು. ತಮ್ಮಂದಿರು ಮಾತ್ರ ಕ್ಯಾರೇ ಅನ್ನುತ್ತಿರಲಿಲ್ಲ.

ಈ ವರ್ಷ ಚಳಿ ಶುರುವಾದಾಗಿನಿಂದ ಆ ಕಾರು ಬೆಳಗ್ಗೆ ಹಟ ಹಿಡಿಯತೊಡಗಿತು. ಕೀಲಿ ತಿರುಗಿಸಿದರೆ ಎಂಜಿನ್ ನಿದ್ದೆಗಣ್ಣಿನಲ್ಲಿ ಎದ್ದವರಂತೆ ನಿಧಾನಕ್ಕೆ ಹೊರಳುವುದು, ಪೆಟ್ರೋಲಿನ ವಾಸನೆ ಬರುವುದು, ಅಲ್ಲಿಗೆ ಮುಗಿಯಿತು. ಅಕ್ಕ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಬಸ್ಸಿಗೆ ಓಡುವಳು. ಇವಳು ಹೋಗುವತನಕ ರಾತ್ರಿ ಪಾಳಿಯ ನರ್ಸು ಮನೆಗೆ ಹೋಗುವ ಹಾಗಿಲ್ಲ. ಆ ಹುಡುಗಿಗೆ ಮನೆಯಲ್ಲಿ ಎಳೆಗೂಸು. ಅವಳು ಒಂದು ದಿನವೂ ಬಾಯಿಬಿಟ್ಟು ದೂರಲಿಲ್ಲ, ಅದೇ ಅಕ್ಕನಿಗೆ ಹೆಚ್ಚು ಚುಚ್ಚುತ್ತಿತ್ತು.

ಕಾರು ನಮ್ಮ ಶೆಡ್ಡಿಗೆ ಬಂತು. ನಮ್ಮವರು ಪ್ಲಗ್ ಬಿಚ್ಚಿದರು, ಒದ್ದೆ. "ಪೆಟ್ರೋಲ್ ಬಂದಿದೆ, ಕಿಡಿ ಸಾಲದು. ಆ ಕಡೆ ತಳ್ಳಿ," ಅಂದರು. ಎಲ್ಲ ಸೇರಿ ಅಂಗಳ ದಾಟಿಸಿದೆವು. ಮೈದುನ ಸ್ಟಾರ್ಟರ್ ತಿರುಗಿಸದೆಯೇ ಕಿಡಿ ಹಾರಿಸಿ ನೋಡಿದ, ನೀಲಿ ಕಿಡಿ ಚಟಪಟ ಅಂತ ಹಾರಿತು. ಪ್ಲಗ್ ನೋಡಿದ, ಒದ್ದೆ. "ಕಿಡಿ ಗಟ್ಟಿಯಾಗಿದೆ, ಪೆಟ್ರೋಲ್ ಜಾಸ್ತಿ. ಆ ಕಡೆ ತಳ್ಳಿ," ಅಂದ. ಹೀಗೆ ಚಳಿಗಾಲವಿಡೀ ಆ ಕಾರು ಪೆಟ್ರೋಲಿನಿಂದ ಓಡಿದ್ದಕ್ಕಿಂತ ನಮ್ಮ ಕೈಯಿಂದ ಓಡಿದ್ದೇ ಹೆಚ್ಚು. ನನ್ನ ಸೊಂಟ ಇನ್ನೂ ನೋಯುತ್ತಿದೆ.

ಹಾಗೆಂದು ಇಬ್ಬರೂ ಸುಮ್ಮನೆ ಕೂತಿರಲಿಲ್ಲ. ಮೈದುನ ಬ್ಯಾಟರಿ ಬದಲಾಯಿಸಿದ, ಸ್ಟಾರ್ಟರ್ ಬಿಚ್ಚಿ ತೊಳೆದ. ನಮ್ಮವರು ಕಾರ್ಬ್ಯುರೇಟರನ್ನು ಪುರ್ಜೆ ಪುರ್ಜೆ ಮಾಡಿ ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರು. ಚೋಕ್ ಕೇಬಲ್ ಅಂತ ಒಂದಿದೆ. ಚಳಿಯಲ್ಲಿ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಹದ ದಪ್ಪ ಮಾಡಲು ಡ್ರೈವರ್ ಎದುರಿನ ಗುಬುಟು ಎಳೆಯುತ್ತಾರಲ್ಲ, ಅದರ ತಂತು. ಅದು ಮೇಲಿಂದ ಮೇಲೆ ಬಿಗಿದುಕೊಳ್ಳುತ್ತಿತ್ತು. ಕಳಪೆ ಮಾಲು ಎಂದು ಬೈಯುತ್ತಾ ನಮ್ಮವರು ಹೊಸದು ಹಾಕುವರು, ಸ್ವಲ್ಪ ದಿನಕ್ಕೆ ಅದೂ ಬಿಗಿಯುವುದು.

ಕೊನೆಗೆ ಒಂದು ಗುರುವಾರ ಅಕ್ಕ ಮಹಡಿ ಇಳಿದು ಅಂಗಳದ ನಡುಮಧ್ಯೆ ನಿಂತಳು, ಎರಡು ಶೆಡ್ಡಿಗೂ ಕೇಳುವ ಹಾಗೆ. "ಕಾರನ್ನ ಹೋಟೆಲ್‌ನವರಿಗೆ ಕೊಡ್ತಿದೀನಿ. ಭಾನುವಾರ ಮಧ್ಯಾಹ್ನ ಬಂದು ಎತ್ಕೊಂಡು ಹೋಗ್ತಾರೆ. ಎಂಜಿನ್ ತೆಗೆದು, ಬಾನೆಟ್ ಒಳಗೆ ಹೂವಿನ ಕುಂಡ ಇಟ್ಟು ಬಾಗಿಲ ಮುಂದೆ ನಿಲ್ಲಿಸ್ತಾರಂತೆ. ಕುಂಡಕ್ಕೆ ಪೆಟ್ರೋಲೂ ಬೇಡ, ಕರೆಂಟೂ ಬೇಡ."

ಆ ರಾತ್ರಿ ನಮ್ಮವರು ಸರಿಯಾಗಿ ಉಣ್ಣಲಿಲ್ಲ. ಅಪ್ಪ ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಟಿಯರಿಂಗ್ ಹಿಡಿಸಿದ ಕಾರು ಅದು. ನನಗೋ ಬೇರೆಯದೇ ಚಿಂತೆ. ಅಣ್ಣತಮ್ಮಂದಿರು ಬೇರೆ ಬೇರೆ ಹೊತ್ತಿನಲ್ಲಾದರೂ ತಲೆ ತಗ್ಗಿಸುವುದಕ್ಕೆ ಮನೆಯದು ಅಂತ ಉಳಿದಿದ್ದ ಒಂದೇ ಬಾನೆಟ್ ಅದು. ಅದೂ ಹೋದರೆ ಇವರಿಬ್ಬರೂ ಒಂದೇ ಅಂಗಳದಲ್ಲಿ ಪರದೇಸಿಗಳಂತೆ ಮುದುಕರಾಗುತ್ತಾರೆ. ನನಗೆ ಅದು ಬೇಡವಾಗಿತ್ತು.

"ನೀವು ಸರಿ ಮಾಡ್ತೀರಾ, ಇಲ್ವಾ?" ಎಂದು ಕೇಳಿದೆ.

"ಮಾಡ್ತೀನಿ," ಅಂದರು. "ಭಾನುವಾರ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ನೋಡ್ತಿರು." ಆ ಮನುಷ್ಯನ ಧೈರ್ಯಕ್ಕೆ ಯಾವತ್ತೂ ಬರವಿಲ್ಲ.

ಭಾನುವಾರ ಬೆಳಗ್ಗೆ ತಿಂಡಿಗೂ ಮೊದಲೇ ಕಾರ್ಬ್ಯುರೇಟರ್ ಮತ್ತೆ ಬಿಚ್ಚಿದರು. ಒಳಗೆ ಪೆಟ್ರೋಲಿನ ಮಟ್ಟ ಕಾಯುವ ತೇಲುಬುಂಡೆ ಸರಿಯಾದ ಮಟ್ಟದಲ್ಲಿತ್ತು, ತೂತುಗಳೆಲ್ಲ ಶುಭ್ರ. ಹಳೆಯ ಬನಿಯನ್ ತುಂಡಿನ ಮೇಲೆ ಪುರ್ಜೆಗಳನ್ನು ಹರಡಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಎಲ್ಲೂ ತಪ್ಪಿಲ್ಲ. ಮರಳಿ ಜೋಡಿಸಿ ಅಕ್ಕನನ್ನು ಕರೆಸಿ ಸ್ಟಿಯರಿಂಗ್ ಮುಂದೆ ಕೂರಿಸಿದರು. ಅವಳು ಮುಖ ಗಂಟು ಹಾಕಿಕೊಂಡೇ ಕೂತಳು. ಪಕ್ಕದ ಸೀಟಿನಲ್ಲಿ ನಾನು, ಚೋಕ್ ಗುಬುಟು ಹಿಡಿದುಕೊಳ್ಳಲು. ಅದು ತಾನಾಗಿ ಒಳಗೆ ಜಾರುತ್ತಿದೆಯೇನೋ ಎಂದು ಅವರಿಗೆ ಅನುಮಾನ. ಎದುರಿನ ಶೆಡ್ಡಿನಲ್ಲಿ ಮೈದುನ ನಮಗೆ ಬೆನ್ನು ಹಾಕಿ ಏನೋ ಉಜ್ಜುತ್ತಿದ್ದ. ಅವನೊಬ್ಬ ಗುಮ್ಮನಗುಸುಕ, ಕಿವಿ ಮಾತ್ರ ಇತ್ತಲೇ ಇತ್ತು.

ಅಕ್ಕ ಕೀಲಿ ತಿರುಗಿಸಿದಳು. ಎಂಜಿನ್ ಹೊರಳಿತು, ಹೊರಳಿತು, ನಿಂತಿತು. ಮತ್ತೆ ತಿರುಗಿಸಿದಳು. ಆಗ ನಾನು ತಟ್ಟನೆ ಕೈ ತೆಗೆದೆ.

"ರೀ, ಈ ಗುಬುಟು ಸುಡ್ತಿದೆ."

"ಎಂಜಿನ್ ಬಿಸಿ ಕಣೆ, ಹಿಡ್ಕೋ," ಅಂದರು ಬಾನೆಟ್ಟಿನ ಹಿಂದಿನಿಂದ.

"ಎಂಜಿನ್ ಸ್ಟಾರ್ಟೇ ಆಗಿಲ್ಲ. ಬಿಸಿ ಎಲ್ಲಿಂದ ಬರುತ್ತೆ?"

ಅಕ್ಕ ಮುಂದೆ ನೋಡುತ್ತಲೇ, "ಚಳಿ ಶುರುವಾದಾಗಿಂದ ಸುಡ್ತಿದೆ," ಅಂದಳು. "ಇವನಿಗೂ ಹೇಳ್ದೆ, ಎಂಜಿನ್ ಬಿಸಿ ಅಂದ. ಅವನಿಗೂ ಹೇಳ್ದೆ. ಚೋಕ್ ಪೆಟ್ರೋಲಿನ ಕಡೇದು, ಅಲ್ಲೇ ಕೇಳು ಅಂದ."

ನಾನು ಇಳಿದು ಮುಂದೆ ಹೋದೆ. ನಮ್ಮವರು ಚೋಕ್ ಕೇಬಲ್ಲಿನ ಮೇಲೆ ಬೆರಳಿಟ್ಟು ನಿಂತಿದ್ದರು. ಇಷ್ಟು ದಿನ ಆ ಕೇಬಲ್ಲನ್ನು ಬದಲಾಯಿಸಿದ್ದೇ ಬದಲಾಯಿಸಿದ್ದು, ಅದು ಯಾಕೆ ಕೆಡುತ್ತದೆ ಎಂದು ಒಂದು ಸಲವೂ ಕೇಳಿಕೊಂಡಿರಲಿಲ್ಲ. ಈಗ ಕೇಳಿಕೊಂಡರು, ಮುಖ ನೋಡಿದರೇ ತಿಳಿಯುತ್ತಿತ್ತು. ಆಮೇಲೆ ಬಗ್ಗಿ ಪೆಟ್ರೋಲ್ ಪಂಪಿನ ಕೆಳಗೆ ನೋಡಿದರು. ನೋಡಿದವರು ಹಾಗೇ ಉಳಿದರು.

ಅಲ್ಲಿ ಹೆಣೆದ ತಾಮ್ರದ ಚಪ್ಪಟೆ ಪಟ್ಟಿಯೊಂದು ನೇತಾಡುತ್ತಿತ್ತು. ಮೇಲೆ ಜಿಡ್ಡು ಕೂತು ಜಡೆಯ ತುದಿಯ ಹಾಗೆ ಕಾಣುತ್ತಿತ್ತು. ಅದರ ಕೆಲಸ ನನಗೆ ಆಮೇಲೆ ತಿಳಿದದ್ದು, ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಟರಿಯಿಂದ ಹೊರಟ ಕರೆಂಟು ಸ್ಟಾರ್ಟರನ್ನು ತಿರುಗಿಸಿ ಮತ್ತೆ ಬ್ಯಾಟರಿಗೆ ಮರಳಬೇಕು. ಎಂಜಿನ್ ಕೂತಿರುವುದು ರಬ್ಬರಿನ ಮೇಲೆ, ಆದ್ದರಿಂದ ಮರಳುವ ದಾರಿ ಈ ಪಟ್ಟಿ. ಅದು ಕಳಚಿದರೆ ಕರೆಂಟು ಎಂಜಿನ್ನಿಗೂ ಕಾರಿನ ಮೈಗೂ ತಾಗಿದ ಬಡಪಾಯಿ ಯಾವುದಿದೆ ಎಂದು ಹುಡುಕುತ್ತದೆ. ಸಿಕ್ಕಿದ್ದು ಚೋಕ್ ಕೇಬಲ್. ಅಷ್ಟು ಸಣ್ಣ ತಂತಿನಲ್ಲಿ ಅಷ್ಟು ಕರೆಂಟು ನುಗ್ಗಿದರೆ ಅದು ಸುಡದೆ ಇನ್ನೇನಾದೀತು? ಸ್ಟಾರ್ಟರ್ ತೂಕಡಿಸುತ್ತದೆ, ಅದು ತಿರುಗುವಷ್ಟು ಹೊತ್ತು ಕಿಡಿಯೂ ಸೊರಗುತ್ತದೆ, ಬಂದ ಪೆಟ್ರೋಲ್ ಉರಿಯದೆ ಪ್ಲಗ್ ಒದ್ದೆಯಾಗುತ್ತದೆ. ಪ್ಲಗ್ ನೋಡಿ ಇಬ್ಬರೂ ಹೇಳಿದ್ದು ಸರಿಯಾಗಿಯೇ ಇತ್ತು.

ಪಟ್ಟಿಯನ್ನು ಕಳಚಿದವರು ಯಾರು ಎನ್ನುವುದು ನಮ್ಮವರ ಕಿವಿ ಕೆಂಪಾದದ್ದು ನೋಡಿಯೇ ನನಗೆ ಗೊತ್ತಾಯಿತು. ಚಳಿಗೆ ಮುಂಚೆ ಪೆಟ್ರೋಲ್ ಪಂಪ್ ಬದಲಾಯಿಸಿದ್ದರು. ಪಂಪಿನ ಬೋಲ್ಟಿಗೇ ಈ ಪಟ್ಟಿಯನ್ನೂ ಸಿಕ್ಕಿಸಿರುತ್ತಾರೆ. ಪಂಪ್ ಕೂರಿಸಿ ಬೋಲ್ಟ್ ಬಿಗಿದರು, ಪಟ್ಟಿಯನ್ನು ಮಾತ್ರ ಮರಳಿ ಸಿಕ್ಕಿಸಲಿಲ್ಲ. ಮರೆತು ಅಲ್ಲ. ತಂತಿ ಮುಟ್ಟುವುದಿಲ್ಲ ಎಂದು ಅಂಗಳದಲ್ಲಿ ಆಡಿದ ಮಾತಿತ್ತಲ್ಲ, ಅದಕ್ಕೆ. ಅವನ ಪಾಲು, ಅವನೇ ನೋಡಿಕೊಳ್ಳಲಿ ಎಂದು ಬೇಕಂತಲೇ ಬಿಟ್ಟರು. ಆಮೇಲೆ ಮರೆತರು.

ಈಗ ಅವರ ಕೈಯಲ್ಲಿ ಸ್ಪ್ಯಾನರ್ ಇತ್ತು. ಎತ್ತಿದ ಬಾನೆಟ್ಟಿನ ಮರೆಯಲ್ಲಿ ನಾವಿಬ್ಬರೇ. ಅಕ್ಕನಿಗೆ ಕಾಣುವಂತಿಲ್ಲ, ಮೈದುನ ಬೆನ್ನು ಹಾಕಿದ್ದಾನೆ. ಬೋಲ್ಟ್ ಸಡಿಲಿಸಿ, ಪಟ್ಟಿ ಸಿಕ್ಕಿಸಿ, ಬಿಗಿದರೆ ಮುಗಿಯಿತು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಹೇಳಿದ ಮಾತು ಉಳಿಯುತ್ತದೆ, ದೊಡ್ಡ ತಮ್ಮನ ಕೈಗುಣ ಎಂದು ಅಕ್ಕ ಸಾಯುವತನಕ ಹೊಗಳುತ್ತಾಳೆ. ಇವರು ನನ್ನ ಮುಖ ನೋಡಿದರು. ಸುಳ್ಳು ಯಾಕೆ ಹೇಳಲಿ, ನಾನಾಗಿದ್ದರೆ ಬಿಗಿದು ಕೈ ಒರೆಸಿಕೊಳ್ಳುತ್ತಿದ್ದೆ. ಬಿಗಿಯಿರಿ ಎಂದು ಕಣ್ಣಲ್ಲೇ ಹೇಳಿದೆ ಕೂಡ.

ಅವರು ಬೆನ್ನು ನೆಟ್ಟಗೆ ಮಾಡಿ ಅಂಗಳದಾಚೆ ನೋಡಿದರು.

"ಬಾರೋ ಇಲ್ಲಿ," ಎಂದು ಕರೆದರು.

ಮೈದುನ ತಿರುಗಿ ಮೊದಲು ನನ್ನನ್ನು ನೋಡಿದ. "ಯಾರನ್ನ ಕರೀತಿದಾರೆ ಅತ್ತಿಗೆ?"

"ನಿನ್ನನ್ನೇ ಕಣೋ," ಅಂದರು ನಮ್ಮವರೇ. "ಬಂದು ನೋಡು. ಅರ್ತ್ ಪಟ್ಟಿ ಬಿಚ್ಚಿಟ್ಟಿದ್ದು ನಾನು. ಪಂಪ್ ಹಾಕಿದಾಗ. ತಂತಿ ನಿಂದು ಅಂತ ಬಿಟ್ಟೆ. ಬೇಕಂತಲೇ ಬಿಟ್ಟೆ."

ಮೈದುನ ಬಂದ. ಬಗ್ಗಿ ನೋಡಿದ, ಎದ್ದ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ ಮಡಿಸಿ ಚಿಕ್ಕದು ಮಾಡಿದ. ಈಗ ಇವನು ಕುಣಿದಾಡುತ್ತಾನೆ ಎಂದುಕೊಂಡು ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ನೇತಾಡ್ತಿರೋದು ನಾನೂ ನೋಡಿದ್ದೆ," ಅಂದ. "ಸ್ಟಾರ್ಟರ್ ಬಿಚ್ಚಿದಾಗಲೇ ಕಾಣಿಸ್ತು. ಪಂಪಿನ ಬೋಲ್ಟು, ನಾನು ಮುಟ್ಟಿದ್ರೆ ನೀನು ಮಾತಾಡ್ತೀಯ ಅಂತ ಬಿಟ್ಟೆ."

ಕಾರಿನ ಬಾಗಿಲು ತೆರೆದ ಸದ್ದಾಯಿತು. ಅಕ್ಕ ಇಳಿದು ಬಂದಳು. ಅವಳು ಕಿರುಚಾಡಿದ್ದರೆ ವಾಸಿ ಇತ್ತು.

"ಅಂದ್ರೆ ಇಬ್ಬರಿಗೂ ಕಾಣಿಸಿತ್ತು," ಅಂದಳು. "ಕಾಣದೆ ಇದ್ದಿದ್ರೆ ಪರವಾಗಿರಲಿಲ್ಲ. ಅಲ್ಲೊಬ್ಬಳು ಹುಡುಗಿ ಕೂಸಿಗೆ ಹಾಲು ಕೊಡೋ ಹೊತ್ತು ಮೀರ್ತಿದೆ ಅಂತ ಬಾಗಿಲು ನೋಡ್ಕೊಂಡು ನಿಂತಿರ್ತಿದ್ದಳು, ನಾನು ಬಸ್‌ಸ್ಟಾಪಲ್ಲಿ ನಿಂತಿರ್ತಿದ್ದೆ, ನೀವಿಬ್ಬರೂ ಇದನ್ನ ನೋಡ್ಕೊಂಡು ನಿಂತಿದ್ರಿ."

ಇಬ್ಬರೂ ಶಾಲೆಯಲ್ಲಿ ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ನಮ್ಮವರು ಬೋಲ್ಟ್ ಸಡಿಲಿಸಿ ಪಟ್ಟಿಯನ್ನು ಒತ್ತಿ ಹಿಡಿದರು. ಮೈದುನ ಅವರ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡು ಬಿಗಿದ. ಒಂದು ಬೋಲ್ಟಿಗೆ ಇಬ್ಬರು ಗಂಡಸರು, ಆದರೂ ನಾನು ನಗಲಿಲ್ಲ.

ಅಕ್ಕ ಒಳಗೆ ಕೂತು ಕೀಲಿ ತಿರುಗಿಸಿದಳು. ಎಂಜಿನ್ ಗಿರ್ರನೆ ತಿರುಗಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಮ್ಮವರು ನನ್ನ ಕಡೆ ನೋಡಿದರು, ನಾನು ಹುಬ್ಬು ಹಾರಿಸಿದೆ. ಅಕ್ಕ ಮಾತ್ರ ಕರಗಲಿಲ್ಲ.

"ಸ್ಟಾರ್ಟ್ ಆಯ್ತು, ಸರಿ," ಅಂದಳು ಕಿಟಕಿಯಿಂದ. "ನಾಳೆ ಇನ್ನೊಂದು ಕೆಡುತ್ತೆ. ಮತ್ತೆ ನಾನು ನಿಮ್ಮಿಬ್ಬರ ನಡುವೆ ನಿಲ್ಲಬೇಕು. ಹೋಟೆಲ್‌ನವರು ಬರಲಿ, ಕೊಟ್ಟುಬಿಡ್ತೀನಿ." ಕೀಲಿಯನ್ನು ಅಲ್ಲೇ ಬಿಟ್ಟು ಇಳಿದು ಮೆಟ್ಟಿಲ ಮೇಲೆ ಕೂತುಕೊಂಡಳು.

ಇಷ್ಟೆಲ್ಲ ಆದ ಮೇಲೂ ಕಾರು ಹೋಗುವುದೇ ಹೌದೆಂದರೆ ಇವರಿಬ್ಬರಿಗೆ ಇನ್ನು ಯಾವ ನೆಪ ಉಳಿಯುತ್ತದೆ? ಅಣ್ಣತಮ್ಮಂದಿರಿಗೆ ಅವಳ ಮಾತು ಕೇಳಿಸಿತೋ ಇಲ್ಲವೋ ತಿಳಿಯದು. ಯಾಕೆಂದರೆ ಎಂಜಿನ್ ಸ್ಟಾರ್ಟ್ ಆದದ್ದೇನೋ ಹೌದು, ಆದರೆ ಹಿಂದಿನಿಂದ ಕಪ್ಪು ಹೊಗೆ ಉಗುಳುತ್ತಾ ಕುಂಟುತ್ತಿತ್ತು.

"ನಾನು ಹದ ದಪ್ಪ ಮಾಡಿಬಿಟ್ಟಿದೀನಿ," ಅಂದರು ನಮ್ಮವರು. "ನಿನ್ನ ಕಿಡಿ ಸೊರಗಿದೆ ಅಂತ."

"ನಾನು ಕಿಡಿ ಹಾರೋ ಹೊತ್ತನ್ನೇ ಹಿಂದೆ ಸರಿಸಿದೀನಿ," ಅಂದ ಮೈದುನ. "ನಿನ್ನ ಪೆಟ್ರೋಲ್ ಜಾಸ್ತಿ ಅಂತ."

"ಅಯ್ಯೋ ಪುಣ್ಯಾತ್ಮ, ಮುಂದೆ ತಗೋ."

"ನೀನು ಮೊದಲು ಆ ಸ್ಕ್ರೂ ಒಳಗೆ ಹಾಕು."

ಒಬ್ಬರು ಈ ಪಕ್ಕ, ಒಬ್ಬರು ಆ ಪಕ್ಕ ನಿಂತು ಬಗ್ಗಿದರು. ಇವರು ಸ್ಕ್ರೂ ಒಂದಿಷ್ಟು ತಿರುಗಿಸುವರು, ಅವನು ಆ ಕಡೆ ಕಿಡಿ ಹಂಚುವ ಡಬ್ಬವನ್ನು ಒಂದಿಷ್ಟು ಸರಿಸುವನು, ಇಬ್ಬರೂ ಎಂಜಿನ್ನಿಗೆ ಕಿವಿ ಕೊಡುವರು, ಇಬ್ಬರಿಗೂ ಬೇರೆ ಬೇರೆ ಕೇಳಿಸುವುದು.

"ಇನ್ನೂ ಸ್ವಲ್ಪ ಮುಂದೆ."

"ಮುಂದೇನೇ ಇದೆ. ನಿನ್ನ ಕಿವಿ ಕೆಟ್ಟಿದೆ."

"ನನ್ನ ಕಿವೀನಾ? ಕಂಡೆನ್ಸರ್ ಕೆಟ್ಟಿದೆ ಅಂತ ಶಬ್ದದಲ್ಲೇ ಹೇಳಿದೋನು ನಾನು."

"ಹೇಳಿ ಸುಮ್ನಿರಬೇಕಿತ್ತು. ನಾನು ಬರೋತನಕ ಕಾಯಬೇಕಿತ್ತು."

"ಕಾಯಬೇಕಿತ್ತು," ಅಂದರು ನಮ್ಮವರು. "ಆಯ್ತು, ಕಾಯಬೇಕಿತ್ತು. ಈಗ ಅದನ್ನ ಮುಂದೆ ತಗೋ."

ಅವನು ಮುಂದೆ ತೆಗೆದುಕೊಂಡ. ಎಂಜಿನ್ನಿನ ಕುಂಟು ಕಡಿಮೆಯಾಯಿತು. ಇಬ್ಬರೂ ಬಿಡಲಿಲ್ಲ, ಇನ್ನೂ ಜಗಳವಾಡುತ್ತಲೇ ಇದ್ದರು, ದೊಡ್ಡ ದನಿಯಲ್ಲಿ, ನೇರವಾಗಿ, ನಡುವೆ ನಾನಿಲ್ಲದೆ. ವಾರಗಿತ್ತಿ ಕೈಯಲ್ಲಿ ಸೌಟು ಹಿಡಿದು ಬಾಗಿಲಿಗೆ ಬಂದವಳು ಅಲ್ಲೇ ಗೋಡೆಗೆ ಒರಗಿದಳು. ನನಗೆ ಅಳು ಬಂತು. ಹೊಗೆ ಅಂತ ಹೇಳಿಕೊಂಡು ಸೆರಗಿನಿಂದ ಕಣ್ಣೊರೆಸಿಕೊಂಡೆ.

ಮಧ್ಯಾಹ್ನ ಹೋಟೆಲ್ ಮಾಲೀಕ ಕಾರನ್ನು ಎಳೆದೊಯ್ಯುವ ಲಾರಿಯೊಂದಿಗೆ ಬಂದ. ಇಸ್ತ್ರಿ ಶರಟಿನ, ನಗುಮುಖದ ಮನುಷ್ಯ. ಬಾನೆಟ್ಟಿನಿಂದ ಹೊರಗೆ ಕಾಣುತ್ತಿದ್ದ ನಾಲ್ಕು ಕಾಲುಗಳನ್ನು ನೋಡಿ ಗೇಟಿನಲ್ಲೇ ನಿಂತ. ಅವನನ್ನು ಇವರಿಬ್ಬರೂ ತಿರುಗಿ ಕೂಡ ನೋಡಲಿಲ್ಲ. ಅಕ್ಕ ಮೆಟ್ಟಿಲಿನಿಂದ ಎದ್ದು ಅವನ ಬಳಿ ಹೋದಳು. ಏನು ಹೇಳುತ್ತಾಳೋ ಎಂದು ನಾನೂ ಹಿಂದೆಯೇ ಹೋದೆ.

"ಏನಮ್ಮ, ರಿಪೇರಿ ಆಗೋಯ್ತಾ?" ಎಂದು ಕೇಳಿದ.

"ಇಲ್ಲ, ಇನ್ನೂ ಪೂರ್ತಿ ಆಗಿಲ್ಲ," ಅಂದಳು ಅಕ್ಕ.

"ಹಾಗಾದ್ರೆ ಲಾರಿ ಒಳಗೆ ತರಲಾ?"

ಅಕ್ಕ ಒಮ್ಮೆ ಹಿಂದೆ ತಿರುಗಿ ನೋಡಿದಳು. ಆಮೇಲೆ ಗೇಟಿನ ಚಿಲಕವನ್ನು ಒಳಗಿನಿಂದ ಹಾಕಿದಳು.

"ಬೇಡ," ಅಂದಳು. "ನಮ್ಮ ಹುಡುಗರು ಮಾತಾಡ್ತಿದಾರೆ."